ದೇಶದ ಬುನಾದಿ ಧಾರ್ಮಿಕವೋ ಅಲ್ಲವೋ: ದಾಖಲೆ ಹಿಡಿದು ತೀರ್ಮಾನಿಸುವ ಬಗೆ

"ಭಾರತ ಜಾತ್ಯತೀತ ದೇಶವಾಗಿಯೇ ಹುಟ್ಟಿತೇ?" ಎಂಬ ವಿಷಯ ಕೊಟ್ಟು ನೋಡಿ. ಮಂಗಳೂರಾಗಲಿ ಉಡುಪಿಯಾಗಲಿ, ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಎರಡೂ ಕಡೆಯವರು ಐದೇ ನಿಮಿಷದಲ್ಲಿ ಇಂದಿನ ರಾಜಕೀಯಕ್ಕೆ ಬಂದು ನಿಲ್ಲುತ್ತಾರೆ. ಹುಟ್ಟಿನ ಪ್ರಶ್ನೆ ಅಲ್ಲಿಗೆ ಕೈಬಿಟ್ಟು ಹೋಗುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡುವ ದಾಖಲೆಗಳು ಉಂಟು, ಸುಲಭವಾಗಿ ಸಿಗುತ್ತವೆ, ಓದಲು ಕಷ್ಟವೂ ಇಲ್ಲ. ಸ್ಪರ್ಧೆಗೆ ತಯಾರಾಗುವ ವಿದ್ಯಾರ್ಥಿಗಳು, ಅವರನ್ನು ತಿದ್ದುವ ಉಪನ್ಯಾಸಕರು, ಓದುಬಳಗದವರು ಈ ಕ್ರಮ ಹಿಡಿದರೆ ಎರಡು ಭಾನುವಾರದ ಕೆಲಸ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದ ಮೂವತ್ತು ಕಾರ್ಡು, ಎರಡು ಬಣ್ಣದ ಪೆನ್ನು, ಮೂರು ಪಠ್ಯ. ಮೊದಲನೆಯದು 1950ರಲ್ಲಿ ಜಾರಿಗೆ ಬಂದಾಗ ಇದ್ದ ರೂಪದ ಸಂವಿಧಾನ. ಎರಡನೆಯದು ಇಂದಿನ ತಿದ್ದುಪಡಿ ಸಹಿತ ಪ್ರತಿ. ಮೂರನೆಯದು ಸಂವಿಧಾನ ರಚನಾ ಸಭೆಯ ಚರ್ಚೆಗಳು. ಚರ್ಚೆಗಳದ್ದು 12 ಸಂಪುಟ, ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತ. ಅಷ್ಟೂ ಓದಬೇಕಾಗಿಲ್ಲ. ಈ ಪ್ರಶ್ನೆಗೆ ಮುಖ್ಯವಾಗಿ 7 ಮತ್ತು 10ನೇ ಸಂಪುಟ ಸಾಕು.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ

"ದೇಶದ ಹುಟ್ಟು" ಎಂದರೆ ಮೂರು ಸಂಗತಿ ಒಟ್ಟಿಗೆ ಕಲಸಿಕೊಳ್ಳುತ್ತವೆ. ದೇಶ ಕಟ್ಟಿದವರು ಆಸ್ತಿಕರೋ ನಾಸ್ತಿಕರೋ ಎಂಬುದು ಒಂದು. ಆಗಿನ ಜನರ ಬದುಕಿನಲ್ಲಿ ಧರ್ಮ ಎಷ್ಟಿತ್ತು ಎಂಬುದು ಇನ್ನೊಂದು. ರಾಜ್ಯವ್ಯವಸ್ಥೆಗೆ ಒಂದು ಮತವನ್ನು ಕೊಟ್ಟರೋ ಇಲ್ಲವೋ ಎಂಬುದು ಮೂರನೆಯದು. ಮೊದಲ ಎರಡಕ್ಕೆ ಉತ್ತರ ಎಲ್ಲರಿಗೂ ಗೊತ್ತು: ಸಭೆಯಲ್ಲಿ ಆಸ್ತಿಕರೇ ಹೆಚ್ಚಿದ್ದರು, ಜನರಂತೂ ಕೇಳುವುದೇ ಬೇಡ. ಆದರೆ ಅದರಿಂದ ಮೂರನೆಯದಕ್ಕೆ ಉತ್ತರ ಹುಟ್ಟುವುದಿಲ್ಲ. ದಿನಾ ಸಂಧ್ಯಾವಂದನೆ ಮಾಡುವ ವಕೀಲರು ಬರೆದುಕೊಟ್ಟ ಕ್ರಯಪತ್ರ ಧಾರ್ಮಿಕ ದಾಖಲೆ ಆಗುವುದಿಲ್ಲವಲ್ಲ, ಹಾಗೆ.

ಆದ್ದರಿಂದ ಮೊದಲ ಕಾರ್ಡಿನಲ್ಲಿ ಒಂದೇ ವಾಕ್ಯ ಬರೆಯಿರಿ: "1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ರಾಜ್ಯಕ್ಕೆ ಒಂದು ಮತವನ್ನು ಕೊಟ್ಟಿತೇ?" ತಾರೀಕು ಇಲ್ಲದ ಪ್ರಶ್ನೆ ಹಿಡಿದು ಹೊರಟರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ.

ಕನ್ನಡದ ಮಾತುಗಳನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ ವಾದ ಮಾಡುವವರಿಗೆ ಇಲ್ಲಿ ಒಂದು ತೊಡಕು ಉಂಟು, ಇದನ್ನು ದಾಟದೆ ಮುಂದೆ ಹೋಗಬಾರದು. 'ಮತ' ಎಂದರೆ ಪಂಥ, ಅಭಿಪ್ರಾಯ, ಓಟು, ಮೂರೂ ಹೌದು. 'ಧರ್ಮ' ಇನ್ನೂ ಹರಡಿಕೊಂಡ ಮಾತು: ಮನುಷ್ಯ ನಡೆಯಬೇಕಾದ ರೀತಿ, ದಾನ, ಮತ, ಎಲ್ಲಕ್ಕೂ ಅದೇ. "ಧರ್ಮಕ್ಕೆ ಸಿಕ್ಕಿತು" ಎಂದರೆ ಬಿಟ್ಟಿ ಸಿಕ್ಕಿತು ಎಂದೂ ಅರ್ಥ. ಹೀಗಾಗಿ "ಧರ್ಮವಿಲ್ಲದ ರಾಜ್ಯ" ಎಂದು ಒಬ್ಬರು ಹೇಳಿದರೆ ಎದುರಿನವರ ಕಿವಿಗೆ ಅದು "ನ್ಯಾಯವಿಲ್ಲದ ರಾಜ್ಯ" ಎಂದು ಬೀಳುತ್ತದೆ. ಜಗಳ ಶುರುವಾಗಲು ಇಷ್ಟು ಸಾಕು.

'ಸೆಕ್ಯುಲರ್' ಎಂಬುದಕ್ಕೆ ಕನ್ನಡದಲ್ಲಿ ಅಚ್ಚಾದ ಸಂವಿಧಾನದ ಪ್ರಸ್ತಾವನೆಗಳಲ್ಲಿ ಒಂದೆಡೆ 'ಜಾತ್ಯತೀತ', ಇನ್ನೊಂದೆಡೆ 'ಸರ್ವಧರ್ಮ ಸಮಭಾವದ' ಎಂದಿದೆ. ಹಿಂದಿ ಪಾಠದಲ್ಲಿ 'ಪಂಥನಿರಪೇಕ್ಷ'. ಮೂರರ ಅರ್ಥ ಒಂದೇ ಅಲ್ಲ. 'ಜಾತ್ಯತೀತ' ಜಾತಿಯ ಮಾತಾಡುತ್ತದೆ. 'ಸರ್ವಧರ್ಮ ಸಮಭಾವ' ಎಲ್ಲ ಧರ್ಮಗಳನ್ನು ಸಮನಾಗಿ ಕಾಣುವ ಭಾವ. 'ಪಂಥನಿರಪೇಕ್ಷ' ಎಂದರೆ ಯಾವ ಪಂಥವನ್ನೂ ಅವಲಂಬಿಸದ್ದು. ಭಾಷಣದ ಮೊದಲ ಅರ್ಧ ನಿಮಿಷದಲ್ಲೇ ನೀವು ಯಾವ ಅರ್ಥದಲ್ಲಿ ಮಾತಾಡುತ್ತೀರಿ ಎಂದು ಹೇಳಿಬಿಡಿ. ನಮ್ಮ ಸಲಹೆ: ರಾಜ್ಯಕ್ಕೆ 'ತನ್ನದೊಂದು ಮತವಿಲ್ಲದ' ಎಂದು ಬಿಡಿಸಿ ಹೇಳುವುದು. ಉದ್ದವಾಯಿತು, ಆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತಾರೀಕಿನ ಗೆರೆ

ಇನ್ನೊಂದು ಹಾಳೆಯ ನಡುವೆ ಮೇಲಿಂದ ಕೆಳಗೆ ಗೆರೆ ಎಳೆಯಿರಿ. ಎಡಕ್ಕೆ 1950 ಜನವರಿ 26ರವರೆಗಿನದು, ಬಲಕ್ಕೆ ಆಮೇಲಿನದು. ಒಬ್ಬರು ಏನೇ ಪುರಾವೆ ತಂದರೂ ಮೊದಲು ಅದು ಗೆರೆಯ ಯಾವ ಕಡೆ ಎಂದು ನೋಡಿ. ಈ ವಾದದಲ್ಲಿ ಆಗುವ ಅತಿ ದೊಡ್ಡ ತಪ್ಪು, ಆಮೇಲೆ ಸೇರಿದ್ದನ್ನು ಹುಟ್ಟಿನ ಪುರಾವೆ ಮಾಡುವುದು.

ಪ್ರಸ್ತಾವನೆಯ 'ಸಮಾಜವಾದಿ', 'ಸೆಕ್ಯುಲರ್' ಎಂಬ ಎರಡು ಪದ ಬಂದದ್ದು 42ನೇ ತಿದ್ದುಪಡಿಯಿಂದ, 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ. ಜಾರಿಯಾದದ್ದು 1977ರ ಜನವರಿ 3. ಹಾಗಾಗಿ ಇಂದಿನ ಪ್ರಸ್ತಾವನೆಯನ್ನು ಓದಿ "ನೋಡಿ, ಹುಟ್ಟಿನಿಂದಲೇ ಬರೆದಿದೆ" ಎನ್ನುವವರು ಅಲ್ಲೇ ಸೋಲುತ್ತಾರೆ. ಹಾಗೆಂದು "ಪದ 1976ರದ್ದು, ಆದ್ದರಿಂದ ಅದಕ್ಕೆ ಮೊದಲು ಆ ಗುಣವೇ ಇರಲಿಲ್ಲ" ಎನ್ನುವವರೂ ಗೆಲ್ಲುವುದಿಲ್ಲ. ಪದ ಬೇರೆ, ವಿಧಿಗಳಲ್ಲಿ ಇರುವ ವ್ಯವಸ್ಥೆ ಬೇರೆ. ಇನ್ನೊಂದು ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ: 'ಸೆಕ್ಯುಲರ್' ಎಂಬ ಪದ 1950ರ ಪಠ್ಯದಲ್ಲೂ ಒಂದು ಕಡೆ ಇತ್ತು. 25ನೇ ವಿಧಿಯ 2(ಎ) ಖಂಡದಲ್ಲಿ, ಧಾರ್ಮಿಕ ಆಚರಣೆಗೆ ಅಂಟಿಕೊಂಡ ಆರ್ಥಿಕ, ಹಣಕಾಸಿನ, ರಾಜಕೀಯ ಅಥವಾ ಇತರ 'ಲೌಕಿಕ' ಚಟುವಟಿಕೆಯನ್ನು ರಾಜ್ಯ ನಿಯಂತ್ರಿಸಬಹುದು ಎಂಬಲ್ಲಿ. ಇದನ್ನು ಒಂದು ಕಾರ್ಡಿಗೆ ಇಳಿಸಿಕೊಳ್ಳಿ, ಮುಂದೆ ಉಡುಪಿಯ ಮಠದ ಮೊಕದ್ದಮೆಗೆ ಬಂದಾಗ ಬೇಕಾಗುತ್ತದೆ.

ಇದೇ ಗೆರೆ ಬೇರೆ ದೇಶಗಳಿಗೂ ಹೊಂದುತ್ತದೆ. ಅಮೆರಿಕದ ನಾಣ್ಯ, ನೋಟು ತೋರಿಸಿ "ದೇವರಲ್ಲಿ ನಮ್ಮ ನಂಬಿಕೆ ಎಂದು ಬರೆದಿದೆ, ಅದು ಕ್ರೈಸ್ತ ದೇಶ" ಎನ್ನುವವರು ಇದ್ದಾರೆ. ಅದು ಅಲ್ಲಿನ ರಾಷ್ಟ್ರೀಯ ಧ್ಯೇಯವಾಕ್ಯವಾದದ್ದು 1956ರಲ್ಲಿ. ಧ್ವಜಪ್ರತಿಜ್ಞೆಗೆ ದೇವರ ಹೆಸರು ಸೇರಿದ್ದು 1954ರಲ್ಲಿ. ಸಂವಿಧಾನವಾದರೋ 1787ರದ್ದು, ಅದರಲ್ಲಿ ತಾರೀಕು ಹಾಕುವಲ್ಲಿನ "ನಮ್ಮ ಪ್ರಭುವಿನ ವರ್ಷ" ಎಂಬ ರೂಢಿಯ ಮಾತು ಬಿಟ್ಟರೆ ದೇವರ ಪ್ರಸ್ತಾಪವಿಲ್ಲ. ಸರ್ಕಾರಿ ಹುದ್ದೆಗೆ ಮತದ ಪರೀಕ್ಷೆ ಇರಬಾರದು ಎಂಬ ಕಟ್ಟು ಅದರ 6ನೇ ವಿಧಿಯಲ್ಲೇ ಉಂಟು. ಆದರೆ 1776ರ ಸ್ವಾತಂತ್ರ್ಯ ಘೋಷಣೆ ಸೃಷ್ಟಿಕರ್ತನ ಹೆಸರು ಹೇಳುತ್ತದೆ, ಮ್ಯಾಸಚೂಸೆಟ್ಸ್ ರಾಜ್ಯ 1833ರವರೆಗೂ ಚರ್ಚಿಗೆ ಸರ್ಕಾರದ ಆಸರೆ ಕೊಟ್ಟಿತ್ತು. ಯಾವ ಕಾಗದವನ್ನು 'ಹುಟ್ಟು' ಎನ್ನುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಮೊದಲ ಕಾರ್ಡಿನಲ್ಲಿ ಕಾಗದದ ಹೆಸರನ್ನೂ ತಾರೀಕನ್ನೂ ಬರೆಯಲು ಹೇಳಿದ್ದು.

ಬಿದ್ದುಹೋದ ತಿದ್ದುಪಡಿಗಳನ್ನು ಹುಡುಕಿ

ಇಡೀ ಕೆಲಸದ ಸಾರ ಇಲ್ಲಿದೆ, ಎರಡು ಭಾನುವಾರದಲ್ಲಿ ಒಂದನ್ನು ಪೂರ್ತಿ ಇದಕ್ಕೇ ಕೊಡಿ. ಅಂತಿಮ ಪಠ್ಯ ಏನು ಹೇಳುತ್ತದೆ ಎಂಬುದಕ್ಕಿಂತ, ಯಾವ ಮಾತು ಮತಕ್ಕೆ ಬಂದು ಬಿತ್ತು ಎಂಬುದು ಕಟ್ಟಿದವರ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ. ಬರೆಯದೆ ಬಿಟ್ಟದ್ದು ಮರೆವೂ ಇರಬಹುದು. ಎದುರಿಗೆ ಬಂದದ್ದನ್ನು ಬೇಡವೆಂದದ್ದು ಮರೆವಲ್ಲ.

10ನೇ ಸಂಪುಟದಲ್ಲಿ 1949ರ ಅಕ್ಟೋಬರ್ 17ರ ಕಲಾಪ ತೆರೆಯಿರಿ. ವಿಧಿಗಳೆಲ್ಲ ಮುಗಿದ ಮೇಲೆ ಪ್ರಸ್ತಾವನೆಯನ್ನು ಚರ್ಚೆಗೆ ತೆಗೆದುಕೊಂಡ ದಿನ. ಎಚ್. ವಿ. ಕಾಮತ್ "ದೇವರ ಹೆಸರಿನಲ್ಲಿ" ಎಂದು ಪ್ರಸ್ತಾವನೆ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ಕಾಮತರು ಹುಟ್ಟಿದ್ದು ಮಂಗಳೂರಿನಲ್ಲಿ, ಸಭೆಗೆ ಬಂದದ್ದು ಮಧ್ಯಪ್ರಾಂತ ಮತ್ತು ಬೇರಾರ್ ಕಡೆಯಿಂದ. ಹೃದಯನಾಥ ಕುಂಜ್ರು ವಿರೋಧಿಸಿದರು: ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಬರೆಯುವ ಪ್ರಸ್ತಾವನೆಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರಿದಂತಾಗುತ್ತದೆ ಎಂಬುದು ಅವರ ವಾದದ ತಿರುಳು. ಪೂರ್ಣಿಮಾ ಬ್ಯಾನರ್ಜಿ, ದೇವರನ್ನು ಓಟಿಗೆ ಹಾಕುವ ಮುಜುಗರ ಬೇಡ, ತಿದ್ದುಪಡಿ ಹಿಂದೆಗೆದುಕೊಳ್ಳಿ ಎಂದು ಕೇಳಿಕೊಂಡರು. ಕಾಮತರು ಒಪ್ಪಲಿಲ್ಲ. ಎಣಿಕೆಯಾಯಿತು: ಪರ 41, ವಿರೋಧ 68.

ಈ ಎಣಿಕೆಯನ್ನು ಓದುವಾಗ ಎರಡು ತಪ್ಪು ಆಗುತ್ತವೆ. 68 ಮಂದಿಯೂ ನಾಸ್ತಿಕರು ಎಂದುಕೊಳ್ಳುವುದು ಒಂದು. ಅವರಲ್ಲಿ ಭಕ್ತರೂ ಇದ್ದರು, ಅವರು ಬೇಡವೆಂದದ್ದು ರಾಜ್ಯದ ಕಾಗದದಲ್ಲಿ ದೇವರನ್ನು, ಮನೆಯ ದೇವರನ್ನಲ್ಲ. 41 ಎಂದರೆ ಸಣ್ಣ ಸಂಖ್ಯೆ ಎಂದು ತಳ್ಳಿಹಾಕುವುದು ಇನ್ನೊಂದು. ಮತ ಹಾಕಿದ 109 ಮಂದಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅದು. ಎರಡನ್ನೂ ಕಾರ್ಡಿನಲ್ಲಿ ಬರೆದಿಡಿ.

ಈಗ ಹಿಂದಕ್ಕೆ, 7ನೇ ಸಂಪುಟಕ್ಕೆ ಹೋಗಿ, 1948ರ ನವೆಂಬರ್ 15. ಕೆ. ಟಿ. ಶಾ ಅವರು 1ನೇ ವಿಧಿಯಲ್ಲಿ ಭಾರತವನ್ನು 'ಸೆಕ್ಯುಲರ್, ಫೆಡರಲ್, ಸೋಷಿಯಲಿಸ್ಟ್' ಒಕ್ಕೂಟ ಎಂದು ಕರೆಯಬೇಕೆಂದು ತಿದ್ದುಪಡಿ ತಂದರು. ಅದೂ ಬಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. "ಅಂಬೇಡ್ಕರ್ ಅವರೇ ಸೆಕ್ಯುಲರ್ ಬೇಡವೆಂದರು" ಎಂಬ ಮಾತು ಹುಟ್ಟಿಕೊಳ್ಳುವುದು ಇಲ್ಲಿಂದ. ಅವರ ಉತ್ತರವನ್ನು ಪೂರ್ತಿ ಓದಿದರೆ ಅದರ ಭಾರವೆಲ್ಲ ಸಮಾಜವಾದದ ಮೇಲಿದೆ: ಸಮಾಜವನ್ನು ಯಾವ ರೀತಿ ಕಟ್ಟಿಕೊಳ್ಳಬೇಕೆಂಬುದನ್ನು ಆಯಾ ಕಾಲದ ಜನ ತೀರ್ಮಾನಿಸಬೇಕು, ಸಂವಿಧಾನ ಅದನ್ನು ಮೊದಲೇ ಕಟ್ಟಿಹಾಕಬಾರದು, ಜೊತೆಗೆ ನಿರ್ದೇಶಕ ತತ್ವಗಳಲ್ಲಿ ಆ ಆಶಯ ಈಗಾಗಲೇ ಇದೆ. ರಾಜ್ಯಕ್ಕೆ ಮತ ಬೇಕು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಹೀಗಾಗಿ ಪ್ರತಿ ಕಾರ್ಡಿನಲ್ಲಿ 'ಫಲಿತಾಂಶ' ಒಂದು ಸಾಲು, 'ಕೊಟ್ಟ ಕಾರಣ' ಇನ್ನೊಂದು ಸಾಲು, ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ಎರಡನ್ನೂ ಒಂದೇ ಸಾಲಿಗೆ ಸೇರಿಸಿದ ಕಾರ್ಡು ವಾರ ಕಳೆದ ಮೇಲೆ ನಿಮ್ಮನ್ನೇ ಮೋಸಗೊಳಿಸುತ್ತದೆ.

ದೇವರ ಹೆಸರೂ ಬಿತ್ತು, ಸೆಕ್ಯುಲರ್ ಎಂಬ ಪದವೂ ಬಿತ್ತು. ಈ ಎರಡು ಕಾರ್ಡನ್ನು ಅಕ್ಕಪಕ್ಕ ಇಟ್ಟುಕೊಳ್ಳದೆ ಯಾರೂ ಈ ವಿಷಯದ ಮೇಲೆ ಬಾಯಿ ತೆರೆಯಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಊರಿನ ಅಭಿಮಾನಕ್ಕಾಗಿ ಇನ್ನೆರಡು ಹೆಸರು. ಸಭೆಯ ಸಂವಿಧಾನ ಸಲಹೆಗಾರರಾಗಿ 1947ರಲ್ಲಿ ಮೊದಲ ಕರಡು ಸಿದ್ಧಪಡಿಸಿದ ಬೆನೆಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಮದ್ರಾಸಿನಿಂದ ಸದಸ್ಯರಾಗಿದ್ದ ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜ ಅವರೂ ಮಂಗಳೂರಿನವರೇ. ಅವರ ಭಾಷಣಗಳನ್ನು ಹುಡುಕಿ ಓದಿ. ಒಬ್ಬ ಪಾದ್ರಿ ಈ ರಾಜ್ಯದಿಂದ ಏನು ಬಯಸಿದರು ಎಂಬುದು ಅಲ್ಲಿ ಸಿಗುತ್ತದೆ.

ವಿಧಿಗಳನ್ನು ಪರೀಕ್ಷೆಗೆ ಒಡ್ಡಿ

ಯಾವ ದೇಶದ ಸಂವಿಧಾನವೇ ಆಗಲಿ, ಇಷ್ಟು ಕೇಳಿದರೆ ಅದರ ಬಣ್ಣ ತಿಳಿಯುತ್ತದೆ. ಅಧಿಕೃತ ಮತ ಎಂದು ಹೆಸರಿಸಿದೆಯೇ? ದೊಡ್ಡ ಹುದ್ದೆಗೆ ಒಂದು ಮತದವರೇ ಆಗಬೇಕೇ? ಒಂದು ಮತವನ್ನು ಬೆಳೆಸಲು ತೆರಿಗೆ ಕಟ್ಟಬೇಕೇ? ಸರ್ಕಾರಿ ಶಾಲೆಯಲ್ಲಿ ಮತಬೋಧೆ ಉಂಟೇ? ಪ್ರಮಾಣವಚನದಲ್ಲಿ ದೇವರು ಕಡ್ಡಾಯವೇ?

1950ರ ಭಾರತದ ಪಠ್ಯಕ್ಕೆ ಐದರಲ್ಲೂ ಉತ್ತರ 'ಇಲ್ಲ'. ತೆರಿಗೆಗೆ 27ನೇ ವಿಧಿ, ಶಾಲೆಗೆ 28ನೇ ವಿಧಿ ನೋಡಿ. 28ರಲ್ಲಿ ಪೂರ್ತಿ ಸರ್ಕಾರಿ ಹಣದ ಶಾಲೆಗೂ ಅನುದಾನಿತ ಶಾಲೆಗೂ ವ್ಯತ್ಯಾಸ ಮಾಡಿದ್ದಾರೆ. ಚರ್ಚು, ಮಠ, ಟ್ರಸ್ಟುಗಳ ಅನುದಾನಿತ ಶಾಲೆಗಳೇ ತುಂಬಿರುವ ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸ ತಿಳಿಯದೆ ಮಾತಾಡಿದರೆ ಸಭಿಕರೇ ತಿದ್ದುತ್ತಾರೆ. ಪ್ರಮಾಣವಚನಕ್ಕೆ ಮೂರನೇ ಅನುಸೂಚಿ: ದೇವರ ಹೆಸರಿನಲ್ಲೂ ಮಾಡಬಹುದು, ಸತ್ಯನಿಷ್ಠೆಯಿಂದಲೂ ಮಾಡಬಹುದು.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ. ಇನ್ನೊಂದು ಬಣ್ಣದ ಪೆನ್ನು ತೆಗೆದುಕೊಂಡು ಎದುರು ಪುರಾವೆಗಳನ್ನೂ ಬರೆಯಿರಿ. 25(2)(ಬಿ) ಹಿಂದೂ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೆ ತೆರೆಯಲು ರಾಜ್ಯಕ್ಕೆ ಅಧಿಕಾರ ಕೊಡುತ್ತದೆ, ಅಂದರೆ ರಾಜ್ಯ ದೂರ ನಿಂತಿಲ್ಲ. 48ನೇ ವಿಧಿ ಗೋಹತ್ಯೆ ನಿಷೇಧದ ಮಾತಾಡುತ್ತದೆ. ಅದರ ಪಠ್ಯ ಕೊಡುವ ಕಾರಣ ವೈಜ್ಞಾನಿಕ ಕೃಷಿ, ಪಶುಸಂಗೋಪನೆ, ಚರ್ಚೆಯಲ್ಲಿ ಬಂದ ಕಾರಣಗಳು ಅಷ್ಟೇ ಅಲ್ಲ. 1950ರ ಆಗಸ್ಟ್‌ನ ಪರಿಶಿಷ್ಟ ಜಾತಿಗಳ ಆದೇಶ ಗೆರೆಯ ಬಲಕ್ಕೆ ಬಂದರೂ ಬರೆದಿಡಿ: ಅದು ಪರಿಶಿಷ್ಟ ಜಾತಿಯ ಸ್ಥಾನವನ್ನು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತ ಮಾಡಿತು. ಬೌದ್ಧರು ಸೇರಿದ್ದು 1990ರಲ್ಲಿ. ಇವನ್ನು ಮುಚ್ಚಿಟ್ಟು ಗೆದ್ದ ವಾದ ಬಹಳ ದಿನ ಬಾಳುವುದಿಲ್ಲ.

ಪಾಕಿಸ್ತಾನವನ್ನು ಇದೇ ಒರೆಗೆ ಹಚ್ಚಿ ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. 1947ರ ಆಗಸ್ಟ್ 11ರ ಭಾಷಣದಲ್ಲಿ ಜಿನ್ನಾ, ನಿಮ್ಮ ಮತಕ್ಕೂ ರಾಜ್ಯದ ಕೆಲಸಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಮಾತಾಡಿದರು. 1949ರ ಮಾರ್ಚ್ 12ರಂದು ಅಲ್ಲಿನ ಸಂವಿಧಾನ ಸಭೆ ಒಪ್ಪಿದ ಧ್ಯೇಯಗಳ ಠರಾವು, ಪರಮಾಧಿಕಾರ ಅಲ್ಲಾಹನದ್ದು ಎಂದು ಆರಂಭವಾಯಿತು. 1956ರ ಸಂವಿಧಾನ ದೇಶವನ್ನು ಇಸ್ಲಾಮಿಕ್ ಗಣರಾಜ್ಯವೆಂದಿತು. ನಾಯಕನ ಭಾಷಣ ಒಂದು ದಿಕ್ಕು, ಸಭೆ ಒಪ್ಪಿದ ಪಠ್ಯ ಇನ್ನೊಂದು ದಿಕ್ಕು. ಪಠ್ಯಕ್ಕೇ ತೂಕ.

ಯಾವ ಪುರಾವೆಗೆ ಎಷ್ಟು ತೂಕ

ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ಹರಡಿಕೊಂಡರೂ ಭಾಗವತರು ಹಾಡಿದ ಪದ್ಯವನ್ನು ಬಿಟ್ಟು ಹೋಗುವಂತಿಲ್ಲ. ಇಲ್ಲಿ ಪದ್ಯ ಎಂದರೆ ಮತಕ್ಕೆ ಹಾಕಿ ಒಪ್ಪಿದ ಪಠ್ಯ. ಅದರ ಕೆಳಗೆ, ಮತಕ್ಕೆ ಹಾಕಿ ತಿರಸ್ಕರಿಸಿದ್ದು. ಅದರ ಕೆಳಗೆ ಸಭೆಯ ಭಾಷಣ, ಸಮಿತಿಯ ವರದಿ. ಖಾಸಗಿ ಪತ್ರ, ಹೊರಗಿನ ಭಾಷಣ ಇನ್ನೂ ಕೆಳಗೆ.

ಎಲ್ಲಕ್ಕಿಂತ ಕೆಳಗೆ ಚಿತ್ರಗಳು. ಕೈಬರಹದ ಮೂಲಪ್ರತಿಯಲ್ಲಿ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಬಳಗ ಬಿಡಿಸಿದ ಚಿತ್ರಗಳಿವೆ. ಮೂಲಭೂತ ಹಕ್ಕುಗಳ ಭಾಗದ ಮೇಲೆ ರಾಮ, ಸೀತೆ, ಲಕ್ಷ್ಮಣರಿದ್ದಾರೆ ಎಂದು ತೋರಿಸುವವರು ಉಂಟು. ಇದ್ದಾರೆ, ನಿಜ. ಮುಂದಿನ ಪುಟಗಳಲ್ಲಿ ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್, ಟಿಪ್ಪು, ಲಕ್ಷ್ಮೀಬಾಯಿಯೂ ಇದ್ದಾರೆ. ಚಿತ್ರ ತೋರಿಸುವುದು ನಾಡಿನ ಚರಿತ್ರೆಯನ್ನು. ಯಾವ ವಿಧಿಯ ಅರ್ಥವನ್ನೂ ಅದು ಬದಲಿಸುವುದಿಲ್ಲ.

ಕರಾವಳಿಯ ಮೊಕದ್ದಮೆಗಳು

ತೀರ್ಪುಗಳು ಗೆರೆಯ ಬಲಕ್ಕೆ ಬರುತ್ತವೆ, ಹುಟ್ಟಿನ ಪುರಾವೆಯಲ್ಲ. ಆದರೆ ಬುನಾದಿ ಭಾರ ಹೊತ್ತಾಗ ಹೇಗೆ ನಿಂತಿತು ಎಂದು ಅವು ತೋರಿಸುತ್ತವೆ. ನಮ್ಮ ಅದೃಷ್ಟಕ್ಕೆ ಮುಖ್ಯವಾದ ಮೂರು ಮೊಕದ್ದಮೆ ಈ ಕಡೆಯವೇ.

ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು, 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದರು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1954ರಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಅಗತ್ಯವಾದದ್ದು ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು. ಅಧಿಕಾರಿಗಳು ಮಠದೊಳಗೆ ಎಗ್ಗಿಲ್ಲದೆ ಪ್ರವೇಶಿಸಬಹುದೆಂಬ ಕಲಮು ನಿಲ್ಲಲಿಲ್ಲ. ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು ಎಂಬುದು ಮಾತ್ರ ನಿಂತಿತು. ಪೂಜೆ ಮಠದ್ದು, ಲೆಕ್ಕಪತ್ರದ ಮೇಲೆ ರಾಜ್ಯದ ಕಣ್ಣು: 25(2)(ಎ)ಯ 'ಲೌಕಿಕ' ಎಂಬ ಪದ ನೆಲಕ್ಕಿಳಿದದ್ದು ಹೀಗೆ.

ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯ ತೀರ್ಪು 1957ರ ನವೆಂಬರಿನದ್ದು, 1958ರ ವರದಿಗಳಲ್ಲಿ ಸಿಗುತ್ತದೆ. ಗೌಡ ಸಾರಸ್ವತ ಸಮುದಾಯದ ದೇವಸ್ಥಾನ ಎಂದು ನ್ಯಾಯಾಲಯ ಒಪ್ಪಿತು. ಆದರೂ ಎಲ್ಲ ಹಿಂದೂಗಳಿಗೆ ಪ್ರವೇಶ ಕೊಡುವ ಕಾನೂನು ಮೇಲು, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಸಮುದಾಯ ತನ್ನವರಿಗಷ್ಟೇ ಸೀಮಿತಗೊಳಿಸಬಹುದು ಎಂದಿತು.

ಮೂರನೆಯದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು, 1973ರ ಏಪ್ರಿಲ್ 24. ಹದಿಮೂರು ನ್ಯಾಯಮೂರ್ತಿಗಳ ಪೀಠ, 7-6ರ ಅಂತರ. ಸಂವಿಧಾನದ ಮೂಲರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎಂಬ ಸಿದ್ಧಾಂತ ಹುಟ್ಟಿದ್ದು ಇಲ್ಲಿ. ಮೂಲರಚನೆಯ ಅಂಶಗಳಲ್ಲಿ ಸೆಕ್ಯುಲರ್ ಗುಣವನ್ನೂ ಎಣಿಸಿದ್ದಾರೆ. ತಾರೀಕು ಗಮನಿಸಿ: ಪ್ರಸ್ತಾವನೆಗೆ ಆ ಪದ ಸೇರುವ ಮೂರು ವರ್ಷ ಮೊದಲು. "1976ರ ಮೊದಲು ಇರಲಿಲ್ಲ" ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಸಿಗುವುದು ಕಷ್ಟ.

ತೀರ್ಪು ಓದುವಾಗ ಮೇಲಿನ ಸಾರಾಂಶದಿಂದ ಉದ್ಧರಿಸಬೇಡಿ, ಅದು ವರದಿಗಾರರು ಬರೆದದ್ದು. ಮೊದಲು ಸಂಗತಿ, ಆಮೇಲೆ ಪ್ರಶ್ನೆ, ಆಮೇಲೆ ತೀರ್ಮಾನ ಓದಿ, ಪ್ಯಾರಾ ಸಂಖ್ಯೆ ಹಾಕಿ. ಭಿನ್ನಮತದ ತೀರ್ಪನ್ನು ಬಹುಮತದ್ದು ಎಂದು ಓದಿಬಿಡುವುದು ಎಡನೀರು ಮಠದ ಮೊಕದ್ದಮೆಯಂಥ ಉದ್ದದ ತೀರ್ಪಿನಲ್ಲಿ ಬಹಳ ಸುಲಭ.

ತೀರ್ಮಾನ ಬರೆಯುವುದು

ಮೂರು ವಾಕ್ಯದಲ್ಲಿ ಬರೆಯಿರಿ: ಯಾವ ಕಾಗದ, ಏನಿತ್ತು ಏನಿರಲಿಲ್ಲ, ಎದುರು ಪುರಾವೆ ಏನು. ನಮ್ಮ ಕಾರ್ಡುಗಳಿಂದ ಹೊರಡುವುದು ಹೀಗೆ: "1950ರ ಸಂವಿಧಾನ ರಾಜ್ಯಕ್ಕೆ ಯಾವ ಮತವನ್ನೂ ಕೊಡಲಿಲ್ಲ, ದೇವರ ಹೆಸರು ಸೇರಿಸಬೇಕೆಂದು ಬಂದ ಮಾತನ್ನು ಸಭೆ ಮತಕ್ಕೆ ಹಾಕಿ ತಳ್ಳಿತು. ಸೆಕ್ಯುಲರ್ ಎಂಬ ಹೆಸರನ್ನೂ ಆಗ ಇಟ್ಟುಕೊಳ್ಳಲಿಲ್ಲ. ಆದರೆ ಧರ್ಮದಿಂದ ದೂರವೂ ನಿಲ್ಲಲಿಲ್ಲ, ದೇವಸ್ಥಾನದ ಬಾಗಿಲು, ದತ್ತಿಯ ಲೆಕ್ಕ ಎರಡರಲ್ಲೂ ಕೈಯಿಟ್ಟಿತು."

ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಯಾವ ಕಡೆ ಬೀಳುತ್ತದೋ ಹೇಳಲಾಗದು. ಪರ ಬಿದ್ದರೆ 41-68ರ ಕಾರ್ಡು, 27-28ನೇ ವಿಧಿಗಳ ಕಾರ್ಡು, ಎಡನೀರು ಮಠದ ಕಾರ್ಡು ಕೈಯಲ್ಲಿರಲಿ. ವಿರೋಧ ಬಿದ್ದರೆ 1948ರ ನವೆಂಬರ್ 15ರ ಕಾರ್ಡು, 48ನೇ ವಿಧಿ, 1950ರ ಆಗಸ್ಟ್‌ನ ಆದೇಶ. ಐದು ನಿಮಿಷದ ಭಾಷಣಕ್ಕೆ ಮೂರು ಕಾರ್ಡಿಗಿಂತ ಹೆಚ್ಚು ಹಿಡಿಯಬೇಡಿ. ಎದುರಾಳಿಯ ಮೂರು ಕಾರ್ಡಿಗೆ ಉತ್ತರವನ್ನು ಹಿಂದಿನ ರಾತ್ರಿಯೇ ಅವುಗಳ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.